ಇಗರ್ಜಿಯ ವೃತ್ತಿ, ಗುಡಿಯ ಮಾನ್ಯ



ಕೆಲವು ತಿಂಗಳುಗಳ ಹಿಂದೆ ನಾನು ತರಗತಿಯಲ್ಲಿ ಜೇನ್ ಆಸ್ಟೆನ್ ಎಂಬ ಆಂಗ್ಲ ಲೇಖಕಿಯ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯನ್ನು ಪಾಠ ಹೇಳುತ್ತಿದ್ದೆನು. 1813ರಲ್ಲಿ ಪ್ರಕಟವಾದ ಆ ಕಥೆಯಲ್ಲಿ ವಿಕಮ್ ಎಂಬೊಬ್ಬ ಯುವಕನಿದ್ದಾನೆ. ಅವನು ಪಾದ್ರಿಯಾದ ಪಕ್ಷದಲ್ಲಿ ಒಂದು ‘ಲಿವಿಂಗ್’ ಕೊಡಿಸಬೇಕೆಂದು ಅವನ ಪೋಷಕನು ಮರಣಶಾಸನದಲ್ಲಿ ಸೂಚಿಸಿರುತ್ತಾನೆ. ಯುವಕನು ಪಾದ್ರಿಯಾಗಲೊಲ್ಲದೆ, ಅದಕ್ಕೆ ಬದಲಾಗಿ 3000 ಪೌಂಡುಗಳನ್ನು ತೆಗೆದುಕೊಳ್ಳುತ್ತಾನೆ. ಆ ಹಣವೆಲ್ಲ ಕರಗಿದ ಮೇಲೆ ‘ಲಿವಿಂಗ್’ ತೆರವಾಯಿತೆಂಬ ಸುದ್ದಿ ಕೇಳಿ, ಅದೂ ತನಗೇ ಬೇಕೆಂದು ಬರೆಯುತ್ತಾನೆ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಲಿವಿಂಗ್ ಎಂದರೆ ಬದುಕು. ಬದುಕನ್ನು ಒಬ್ಬರು ಇನ್ನೊಬ್ಬರಿಗೆ ಕೊಡುವುದು ಹೇಗೆ? ಅದಕ್ಕೆ ಬೆಲೆ ಕಟ್ಟುವುದು ಹೇಗೆ?” ಎಂದು ಕೇಳಿದಳು.

ಪ್ರಶ್ನೆ ಚಿಕ್ಕದಾದರೂ ಉತ್ತರ ಚಿಕ್ಕದಲ್ಲ. ಆ ಹೊತ್ತಿನಲ್ಲಿ ನಾನು, “ನಮ್ಮ ಗುಡಿಯ ಮಾನ್ಯದಂತೆ” ಎಂದಷ್ಟೇ ಹೇಳಿ ಮುಂದಕ್ಕೆ ಹೋದೆನು. ಹುಡುಗಿಯ ಮುಖವನ್ನು ನೋಡಿದರೆ ಮಾನ್ಯವೆಂಬ ಮಾತೂ ಅವಳಿಗೆ ಅಷ್ಟೇ ಅಪರಿಚಿತವೆಂದು ತಿಳಿಯಿತು. ಹೀಗೆ ಬಾಕಿಯುಳಿದ ಉತ್ತರವನ್ನು ಈ ದಿನ ತಮ್ಮೆದುರಿಗೆ ಹೇಳಬೇಕೆಂದಿದ್ದೇನೆ.

ಕ್ರೈಸ್ತಮಂಡಲಿಯ ವ್ಯವಸ್ಥೆಯಲ್ಲಿ ಇಂಥ ‘ಲಿವಿಂಗ್’ ಎಂಬುದಕ್ಕೆ ಶಾಸ್ತ್ರೀಯವಾದ ಹೆಸರು ‘ಬೆನಿಫಿಸ್’. ಅದರಲ್ಲಿ ಮೂರು ಅಂಶಗಳಿವೆ. ಮೊದಲನೆಯದು ಒಂದು ಧಾರ್ಮಿಕ ಸ್ಥಾನ. ಅಂದರೆ ಇಂತಿಂಥ ಊರಿನ ಇಗರ್ಜಿಯಲ್ಲಿ ಪೂಜೆ ನಡೆಸಿ, ಮಗುವಿಗೆ ನಾಮಕರಣ, ವಧೂವರರಿಗೆ ವಿವಾಹ, ಸತ್ತವರಿಗೆ ಸಂಸ್ಕಾರ ಇವುಗಳನ್ನು ಮಾಡತಕ್ಕ ಹೊಣೆ. ಎರಡನೆಯದು, ಆ ಸ್ಥಾನಕ್ಕೇ ಅಂಟಿಕೊಂಡಿರುವ ಆದಾಯ. ಮೂರನೆಯದು ಸ್ಥಿರತೆ, ಒಮ್ಮೆ ನೇಮಕವಾದವನನ್ನು ಸಕಾರಣವಿಲ್ಲದೆ ಕದಲಿಸುವಂತಿಲ್ಲ. ತಿಂಗಳ ಸಂಬಳಕ್ಕೂ ಇದಕ್ಕೂ ಇರುವ ಭೇದವನ್ನು ಗಮನಿಸಬೇಕು. ಸಂಬಳವು ಆಳಿಗೆ ಸಲ್ಲುವುದು. ಬೆನಿಫಿಸಿನ ಆದಾಯವು ಸ್ಥಾನಕ್ಕೆ ಸಲ್ಲುವುದು. ಆಳು ಬದಲಾಗುತ್ತಾನೆ, ಸ್ಥಾನವೂ ಅದರ ಹೊಲವೂ ಅಲ್ಲಿಯೇ ಇರುತ್ತವೆ. ಕ್ರೈಸ್ತ ಧರ್ಮಶಾಸ್ತ್ರಜ್ಞರು ಇದನ್ನು ಒಂದು ಸೂತ್ರವಾಗಿಯೇ ಹೇಳಿದ್ದಾರೆ: ಆದಾಯವಿರುವುದು ಕರ್ತವ್ಯಕ್ಕಾಗಿ. ನನ್ನ ಇಂದಿನ ಮಾತೆಲ್ಲವೂ ಈ ಒಂದು ಸೂತ್ರದ ಸುತ್ತಲೇ ತಿರುಗುವುದೆಂದು ತಿಳಿಯಬಹುದು.

ಲ್ಯಾಟಿನ್ ಭಾಷೆಯಲ್ಲಿ ‘ಬೆನೆಫಿಕಿಯಮ್’ ಎಂದರೆ ಉಪಕಾರ, ಅನುಗ್ರಹ. ಮೊದಲಿಗೆ ಅದಕ್ಕೂ ಪಾದ್ರಿಗಳಿಗೂ ವಿಶೇಷ ಸಂಬಂಧವಿರಲಿಲ್ಲ. 8ನೆಯ ಶತಮಾನದಲ್ಲಿ ಫ್ರಾಂಕರ ನಾಯಕನಾದ ಚಾರ್ಲ್ಸ್ ಮಾರ್ಟೆಲನು ಇಗರ್ಜಿಗಳಿಗೆ ಸೇರಿದ ಭೂಮಿಯನ್ನು ತನ್ನ ಯೋಧರ ಅನುಭವಕ್ಕೆ ಬಿಟ್ಟುಕೊಟ್ಟನು. ಇಂಥ ಭೂಮಿಗೆ ಆ ಹೆಸರು ರೂಢಿಯಾಯಿತು. ಕತ್ತಿ ಹಿಡಿದವನಿಗೆ ಸಲ್ಲುತ್ತಿದ್ದ ಹೆಸರು ಕಾಲಕ್ರಮದಲ್ಲಿ ಜಪಸರ ಹಿಡಿದವನಿಗೂ ಸಂದಿತು. ಊರೊಡೆಯನು ತನ್ನ ನೆಲದಲ್ಲಿ ಇಗರ್ಜಿಯನ್ನು ಕಟ್ಟಿಸಿ, ಪಾದ್ರಿಯ ಜೀವನಕ್ಕೆಂದು ಹೊಲವನ್ನು ಬಿಡುವನು. ಇಂಗ್ಲೆಂಡಿನಲ್ಲಿ ಅದಕ್ಕೆ ‘ಗ್ಲೀಬ್’ ಎಂದು ಹೆಸರು. ಇದಲ್ಲದೆ ಊರವರ ಬೆಳೆಯಲ್ಲಿ ಹತ್ತನೆಯ ಒಂದು ಪಾಲು, ಅಂದರೆ ದಶಾಂಶವು, ಇಗರ್ಜಿಗೆ ಸಲ್ಲಬೇಕು. ಕಟ್ಟಿಸಿದವನಿಗೂ ಅವನ ವಂಶದವರಿಗೂ ಪಾದ್ರಿಯನ್ನು ಸೂಚಿಸುವ ಹಕ್ಕು. ಈ ಹಕ್ಕನ್ನು ಇಂಗ್ಲೆಂಡಿನಲ್ಲಿ ಮನೆ ಮಠಗಳಂತೆ ಕೊಳ್ಳುವುದೂ ಮಾರುವುದೂ ಬಹುಕಾಲ ನಡೆದಿತ್ತು. ಆಸ್ಟೆನ್ ಕಥೆಯ ಯುವಕನು 3000 ಪೌಂಡಿಗೆ ತನ್ನ ಆಸೆಯನ್ನು ಬಿಟ್ಟುಕೊಟ್ಟದ್ದು ಈ ಕಾರಣದಿಂದಲೇ ಅಂದಿನ ಓದುಗರಿಗೆ ವಿಚಿತ್ರವಾಗಿ ತೋರಲಿಲ್ಲ.

ಇಷ್ಟು ದೂರದ ಸಂಗತಿ ನಮಗೇಕೆ ಎಂದು ತಾವು ಕೇಳಬಹುದು. ದೂರ ಹೋಗಬೇಕಾದ್ದಿಲ್ಲ. ನಾನು ವಾಸವಾಗಿರುವುದು ಬೆಂಗಳೂರಿನ ದಕ್ಷಿಣ ಭಾಗದ ಜರಗನಹಳ್ಳಿಯಲ್ಲಿ. ಉತ್ತರಹಳ್ಳಿ ಹೋಬಳಿಗೆ ಸೇರಿದ ಈ ಗ್ರಾಮವನ್ನು ನಗರವು ಈಗ ಸಂಪೂರ್ಣವಾಗಿ ನುಂಗಿಕೊಂಡಿದೆ. ಕನಕಪುರದ ರಸ್ತೆಯ ನಡುವೆ ಕಂಬಗಳೆದ್ದು, ಅವುಗಳ ಮೇಲೆ ರೈಲು ಓಡಾಡುತ್ತಿದೆ. ಹೊಲಗದ್ದೆಗಳಿದ್ದವೆಂಬುದಕ್ಕೆ ಸರ್ವೇ ನಂಬರುಗಳೇ ಸಾಕ್ಷಿ. ಆದರೆ ಇಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿರುವ ಬೇಗೂರು, ಮಡಿವಾಳಗಳಿಗೆ ಹೋದರೆ ನಾನು ಹೇಳಿದ ಫ್ರಾಂಕರ ಕಥೆಯೇ ಕನ್ನಡನಾಡಿನ ವೇಷದಲ್ಲಿ ಎದುರಾಗುತ್ತದೆ.

ಬೇಗೂರಿನ ಪ್ರಸಿದ್ಧವಾದ ವೀರಗಲ್ಲನ್ನು ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿ ತಾವು ನೋಡಿರಬಹುದು. ಸುಮಾರು 1100 ವರ್ಷಗಳ ಹಿಂದೆ ನಾಗತ್ತರನೆಂಬ ವೀರನು ಯುದ್ಧದಲ್ಲಿ ಮಡಿದನು. ಆಗ ಗಂಗರ ಎಱೆಯಪ್ಪನು ಇರುಗನೆಂಬುವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಮೊದಲಾದ ಹನ್ನೆರಡು ಹಳ್ಳಿಗಳನ್ನು ‘ಕಲ್ನಾಡಾಗಿ’ ಕೊಟ್ಟನೆಂದು ಆ ಕಲ್ಲು ಹೇಳುತ್ತದೆ. ಪಟ್ಟವೆಂದರೆ ಸ್ಥಾನ; ಹನ್ನೆರಡು ಹಳ್ಳಿಗಳೆಂದರೆ ಆ ಸ್ಥಾನಕ್ಕೆ ಅಂಟಿದ ಆದಾಯ. ಚಾರ್ಲ್ಸ್ ಮಾರ್ಟೆಲನ ಯೋಧನಿಗೂ ಈ ಇರುಗನಿಗೂ ಭಾಷೆ ಬೇರೆ, ದೇಶ ಬೇರೆ. ಏರ್ಪಾಡು ಮಾತ್ರ ಒಂದೇ ಬಗೆಯದು.

ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ 1247ನೆಯ ಇಸವಿಯದೊಂದು ತಮಿಳು ಶಾಸನವಿದೆ. ವೇಪ್ಪೂರಿನ, ಅಂದರೆ ಬೇಗೂರಿನ, ನಿವಾಸಿಯೊಬ್ಬನು ‘ವೆಂಗಳೂರಿನ ಹಿರಿಯ ಕೆರೆಯ ಕೆಳಗಣ’ ಭೂಮಿಯನ್ನು ದೇವರಿಗೆ ಬಿಟ್ಟ ಸಂಗತಿ ಅದರಲ್ಲಿದೆ. ಕೆರೆಯ ಕೆಳಗಿನ ಭೂಮಿಯೆಂಬುದು ಮುಖ್ಯವಾದ ಮಾತು. ಮಳೆಯನ್ನೇ ನಂಬಿದ ಬೆದ್ದಲನ್ನು ಕೊಟ್ಟರೆ ಒಂದು ವರ್ಷ ದೀಪ ಉರಿಯುವುದು, ಇನ್ನೊಂದು ವರ್ಷ ಆರುವುದು. ನೀರಾವರಿಯ ಗದ್ದೆಯನ್ನೇ ಕೊಟ್ಟವನು, ದೀಪವು ತನ್ನ ಕಾಲದ ಆಚೆಗೂ ಉರಿಯಲೆಂದು ಯೋಚಿಸಿ ಕೊಟ್ಟವನು.

ಈ ವಿಷಯದಲ್ಲಿ ನಮ್ಮ ಭಾಷೆಯ ಶಬ್ದಸಂಪತ್ತು ಇಂಗ್ಲಿಷಿಗಿಂತ ಹೆಚ್ಚಿನದೇ ಹೊರತು ಕಡಿಮೆಯಲ್ಲ. ದೇವರಿಗೆ ಬಿಟ್ಟದ್ದು ದೇವದಾಯ, ಬ್ರಾಹ್ಮಣರಿಗೆ ಬಿಟ್ಟದ್ದು ಬ್ರಹ್ಮದಾಯ. ಕಂದಾಯ ಪೂರ್ತಿ ಬಿಟ್ಟಿದ್ದರೆ ಸರ್ವಮಾನ್ಯ, ಅರ್ಧ ಬಿಟ್ಟಿದ್ದರೆ ಅರ್ಧಮಾನ್ಯ, ಸ್ವಲ್ಪ ಹಣವನ್ನು ಕಟ್ಟಬೇಕಾಗಿದ್ದರೆ ಜೋಡಿ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ಹೆಸರಿಸಿ ಧಾರೆಯೆರೆದರೆ, ನೆಲದ ಮೇಲಿನ ನೀರಿನಿಂದ ಹಿಡಿದು ನೆಲದೊಳಗಿನ ನಿಧಿಯವರೆಗೆ ಎಲ್ಲವೂ ಸಂದಂತಾಯಿತು. ಅರ್ಚಕ, ಪರಿಚಾರಕ, ಹೂವು ತರುವವನು, ವಾದ್ಯ ನುಡಿಸುವವನು, ಇವರಿಗೆಲ್ಲ ಬೇರೆ ಬೇರೆಯಾಗಿ ಪಾಲುಗಳಿರುತ್ತಿದ್ದವು. ಗುಡಿಗೆ ಮಾತ್ರವೇ ಅಲ್ಲ. ಶಾನುಭೋಗ, ತಳವಾರ, ತೋಟಿ ಮೊದಲಾದ ಊರಿನ ಕೆಲಸದವರಿಗೂ ಇಂಥ ಭೂಮಿಯೇ ಸಂಬಳವಾಗಿತ್ತು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದಿರುವ ಮಾತು ‘ವೃತ್ತಿ’. ಈಗ ನಾವು ವೃತ್ತಿಯೆಂದರೆ ಕಸುಬು, ಉದ್ಯೋಗ ಎನ್ನುತ್ತೇವೆ. ಶಾಸನಗಳಲ್ಲಿ ವೃತ್ತಿಯೆಂದರೆ ಜೀವನಕ್ಕೆಂದು ಬಿಟ್ಟ ಭೂಮಿಯ ಪಾಲು. ಅಗ್ರಹಾರವನ್ನು ಇಷ್ಟು ವೃತ್ತಿಗಳಾಗಿ ಹಂಚಿದರೆಂದು ಬರೆಯುವುದುಂಟು. ಸಂಸ್ಕೃತದಲ್ಲಿ ಅದಕ್ಕೆ ನಡತೆಯೆಂಬ ಅರ್ಥವೂ ಇದೆ. ಮಾಡುವ ಕೆಲಸ, ಅದರಿಂದ ಬರುವ ಅನ್ನ, ನಡೆದುಕೊಳ್ಳುವ ರೀತಿ ಈ ಮೂರಕ್ಕೂ ಒಂದೇ ಮಾತು. ಆ ವಿದ್ಯಾರ್ಥಿನಿಗೆ ‘ಲಿವಿಂಗ್’ ಎಂದರೆ ವೃತ್ತಿಯೆಂದು ಹೇಳಿದ್ದರೆ ಅರ್ಧ ಉತ್ತರ ಕೊಟ್ಟಂತಾಗುತ್ತಿತ್ತು.

ಉಳಿದರ್ಧವೆಂದರೆ, ಈ ಮೂರು ಅರ್ಥಗಳು ಹೇಗೆ ಬೇರೆ ಬೇರೆಯಾದವೆಂಬುದು. ಆದಾಯವು ಸ್ಥಿರವಾಗಿ, ಕರ್ತವ್ಯವು ದಿನದಿನವೂ ಮಾಡಬೇಕಾದದ್ದಾಗಿ ಇರುವ ಕಡೆಯಲ್ಲೆಲ್ಲ, ಮನುಷ್ಯನು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಇನ್ನೊಬ್ಬರ ಕೈಗೆ ದಾಟಿಸಲು ಯತ್ನಿಸುತ್ತಾನೆ. ಇಂಗ್ಲೆಂಡಿನಲ್ಲಿ ಎಷ್ಟೋ ಊರುಗಳ ಇಗರ್ಜಿಯ ಆದಾಯವನ್ನು ದೂರದ ಮಠಗಳು ಪಡೆದುಕೊಂಡು, ಊರಿನ ಕೆಲಸಕ್ಕೆ ಬದಲಿಯಾಳನ್ನಿಟ್ಟು, ಅವನಿಗೆ ಸಣ್ಣ ಪಾಲನ್ನು ಕೊಡುತ್ತಿದ್ದವು. ‘ವಿಕರ್’ ಎಂಬ ಪದಕ್ಕೆ ಮೂಲದಲ್ಲಿ ಬದಲಿಯಾಳೆಂದೇ ಅರ್ಥ. ಇನ್ನು ದೊಡ್ಡವರ ಮಾತನ್ನು ಹೇಳುವುದೇನು? 8ನೆಯ ಹೆನ್ರಿಯ ಮಂತ್ರಿಯಾಗಿದ್ದ ಕಾರ್ಡಿನಲ್ ವುಲ್ಸಿಯು 1514ರಲ್ಲಿ ಯಾರ್ಕಿನ ಆರ್ಚ್‌ಬಿಷಪ್ಪನಾದನು. ಅದರ ಜೊತೆಗೆ ಬಾತ್ ಮತ್ತು ವೆಲ್ಸ್, ಡರಮ್, ವಿಂಚೆಸ್ಟರ್ ಎಂಬ ಪೀಠಗಳನ್ನು ಒಂದಾದ ಮೇಲೊಂದರಂತೆ ಪಡೆದನು. ಸೇಂಟ್ ಆಲ್ಬನ್ಸ್ ಮಠದ ಆದಾಯವೂ ಅವನಿಗೇ ಸಂದಿತು. ಯಾರ್ಕ್ ಪ್ರಾಂತಕ್ಕೆ ಅವನು ಮೊದಲ ಸಲ ಕಾಲಿಟ್ಟದ್ದು ಅಧಿಕಾರವೆಲ್ಲ ಹೋದ ಮೇಲೆ, 1530ರಲ್ಲಿ. ಆ ವರ್ಷವೇ ತೀರಿಕೊಂಡನು. ಹದಿನಾರು ವರ್ಷ ಆದಾಯವನ್ನುಂಡ ಪೀಠದ ಮೇಲೆ ವಿಧಿಪೂರ್ವಕವಾಗಿ ಒಂದು ದಿನವೂ ಕುಳಿತವನಲ್ಲ.

ಇದನ್ನು ಕೇಳಿ, ಪರದೇಶದವರ ಅವಸ್ಥೆ ಇಂಥದೆಂದು ನಾವು ಸಂತೋಷಪಡುವಂತಿಲ್ಲ. ಶ್ರವಣಬೆಳಗೊಳದಲ್ಲಿ 1634ನೆಯ ಇಸವಿಯ ಶಾಸನಗಳಿವೆ. ಅಲ್ಲಿನ ಸ್ಥಾನಿಕರು ದೇವರ ಆಸ್ತಿಯನ್ನು ವರ್ತಕರಲ್ಲಿ ಅಡವಿಟ್ಟು ಸಾಲ ಪಡೆದಿದ್ದರು. ಮೈಸೂರಿನ ಚಾಮರಾಜ ಒಡೆಯರಿಗೆ ಇದು ತಿಳಿಯಿತು. ಅವರು ಸಾಲ ಕೊಟ್ಟವರನ್ನು ಕರೆಸಿ, ಆ ಹಣವನ್ನು ತಾವೇ ತೀರಿಸುವುದಾಗಿ ಹೇಳಿದರು. ಆಗ ಆ ವರ್ತಕರು ತಮ್ಮ ತಂದೆತಾಯಿಗಳ ಪುಣ್ಯಕ್ಕಾಗಿ ಸಾಲವನ್ನು ಬಿಟ್ಟುಕೊಟ್ಟು ಆಸ್ತಿಯನ್ನು ದೇವರಿಗೆ ಮರಳಿಸಿದರು. ಮುಂದೆ ಇಂಥ ಆಸ್ತಿಯನ್ನು ಅಡವಿಡಬಾರದು, ಅಡವು ಹಿಡಿಯಲೂ ಬಾರದು ಎಂದು ಕಟ್ಟಳೆಯಾಯಿತು. ಅಡವಿಟ್ಟವನು ಮಾತ್ರವಲ್ಲದೆ ಹಿಡಿದವನೂ ದೋಷಿಯೆಂದು ಹೇಳಿರುವುದು ಬಹಳ ವಿವೇಕದ ಮಾತು. ದೇವರ ಭೂಮಿಯು ಕೈಬಿಟ್ಟುಹೋಗಲು ಯಾವಾಗಲೂ ಇಬ್ಬರು ಬೇಕು.

ಈಗ ನಮ್ಮ ಮನೆಯ ಮಾತನ್ನು ಹೇಳಬೇಕು. ಇದನ್ನು ಮುಚ್ಚಿಟ್ಟು ವುಲ್ಸಿಯನ್ನು ದೂರಿದರೆ ನ್ಯಾಯವಾಗದು. ನಮ್ಮ ತಾತನವರು ಕನಕಪುರದ ದಾರಿಯಲ್ಲಿರುವ ಒಂದು ಹಳ್ಳಿಯ ಗುಡಿಯ ಅರ್ಚಕರಾಗಿದ್ದರು. ಕೆರೆಯ ಕೆಳಗೆ ಗುಡಿಯ ಮಾನ್ಯವಾಗಿ ಗದ್ದೆಯಿದ್ದಿತು. ಊರಿನವರು ಅದನ್ನು ‘ದೀಪದ ಗದ್ದೆ’ ಎನ್ನುತ್ತಿದ್ದರು. ಮಕ್ಕಳನ್ನು ಓದಿಸಬೇಕೆಂದು ತಾತನವರು ಬೆಂಗಳೂರಿನಲ್ಲಿ ಮನೆ ಮಾಡಿದರು. ಪೂಜೆಗೆ ದೂರದ ನಂಟರೊಬ್ಬರನ್ನು ಗೊತ್ತುಮಾಡಿ, ಅವರಿಗೆ ವರ್ಷಕ್ಕೆ ಕೆಲವು ಪಲ್ಲ ಭತ್ತವನ್ನು ಕೊಡುತ್ತಿದ್ದರು. ಗದ್ದೆಯನ್ನು ಉಳುತ್ತಿದ್ದವನು ಆ ಊರಿನ ಒಬ್ಬ ರೈತ. ಅವನ ತಂದೆಯೂ ಅದನ್ನೇ ಉತ್ತವನು. ಮಿಕ್ಕ ಭತ್ತ ಗಾಡಿಯಲ್ಲಿ ಬೆಂಗಳೂರಿಗೆ ಬರುತ್ತಿತ್ತು. ನಮ್ಮ ತಂದೆಯವರ ಶಾಲೆಯ ಫೀಜು ಅದರಿಂದ ನಡೆಯಿತು. ಅವರು ಓದಿದ್ದರಿಂದ ನಾನು ಓದಿದೆನು. ಓದಿದ್ದರಿಂದಲೇ ಈ ಹೊತ್ತು ತಮ್ಮೆದುರಿಗೆ ಲ್ಯಾಟಿನ್ ಮಾತುಗಳನ್ನು ಹೇಳುತ್ತಿದ್ದೇನೆ. ಬದಲಿ ಅರ್ಚಕರು ವಯಸ್ಸಾಗಿ ನಡೆಯಲಾರದವರಾದಾಗ ಗುಡಿಯಲ್ಲಿ ಎಷ್ಟೋ ಸಂಜೆ ದೀಪವಿರಲಿಲ್ಲವಂತೆ. ಆ ಎಣ್ಣೆ ಎಲ್ಲಿ ಉರಿಯಿತೆಂದು ಕೇಳಿದರೆ, ನಮ್ಮ ತಂದೆಯವರ ಓದುವ ಮೇಜಿನ ಮೇಲೆ ಉರಿಯಿತೆಂದೇ ಹೇಳಬೇಕು. ತಾತನವರು ದುಷ್ಟರಲ್ಲ. ಮಕ್ಕಳ ವಿದ್ಯೆಯ ಚಿಂತೆಯುಳ್ಳ ಒಬ್ಬ ತಂದೆ. ಆದರೂ ಸೂತ್ರವು ತಪ್ಪಿತೆಂಬುದು ತಪ್ಪಿತೇ.

ಈ ರೋಗಕ್ಕೆ ಪ್ರಭುತ್ವಗಳೂ ಧರ್ಮಸಭೆಗಳೂ ಮದ್ದು ಮಾಡದೆ ಇರಲಿಲ್ಲ. 1545ರಿಂದ 1563ರವರೆಗೆ ನಡೆದ ಟ್ರೆಂಟ್ ಮಹಾಸಭೆಯು, ಪಾದ್ರಿಯು ತನ್ನ ಸ್ಥಾನದಲ್ಲಿಯೇ ವಾಸಿಸಬೇಕು, ಜನರ ಆತ್ಮರಕ್ಷಣೆಯ ಹೊಣೆಯುಳ್ಳ ಎರಡು ಸ್ಥಾನಗಳನ್ನು ಒಬ್ಬನೇ ಹಿಡಿಯಬಾರದು ಎಂದು ವಿಧಿಸಿತು. ಇಂಗ್ಲೆಂಡಿನಲ್ಲಿ 8ನೆಯ ಹೆನ್ರಿಯು 1534ರಲ್ಲಿ ತನ್ನ ಬೊಕ್ಕಸಕ್ಕೆ ತಿರುಗಿಸಿಕೊಂಡಿದ್ದ ಪಾದ್ರಿಗಳ ತೆರಿಗೆಯನ್ನು, ಬಡ ಪಾದ್ರಿಗಳ ಪೋಷಣೆಗೆಂದು ಆ್ಯನ್ ರಾಣಿಯು 1704ರಲ್ಲಿ ಬಿಟ್ಟುಕೊಟ್ಟಳು.

ಮೈಸೂರು ಸೀಮೆಯಲ್ಲಿ 1860ರ ದಶಕದಲ್ಲಿ ಇನಾಂ ಕಮಿಷನ್ ಏರ್ಪಟ್ಟು, ಒಂದೊಂದು ಮಾನ್ಯದ ಹಕ್ಕನ್ನೂ ವಿಚಾರಿಸಿ ನೋಡಿತು. ಸೇವೆಗಾಗಿ ಬಿಟ್ಟದ್ದು ಸೇವೆ ನಡೆಯುವವರೆಗೆ ಮಾತ್ರ ಎಂಬ ತತ್ತ್ವವು ಆಗ ಲೆಕ್ಕದ ಪುಸ್ತಕಕ್ಕೂ ಇಳಿಯಿತು. 1913ರಲ್ಲಿ ಮುಜರಾಯಿ ರೆಗ್ಯುಲೇಷನ್ನೂ, 1927ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾನೂನೂ ಜಾರಿಗೆ ಬಂದವು. ಮುಜರಾಯಿ ಎಂಬುದರ ಮೂಲವಾದ ‘ಮುಜರಾ’ ಎಂಬ ಮಾತಿಗೆ ಲೆಕ್ಕದಲ್ಲಿ ವಜಾ ಹಾಕಿಕೊಡುವುದೆಂದು ಅರ್ಥ. ದೇವರ ಇಲಾಖೆಗೆ ಶಾನುಭೋಗರ ಶಬ್ದವೇ ಹೆಸರಾಯಿತು.

ಇಲ್ಲಿ ಬೆಂಗಳೂರಿನ ಇಗರ್ಜಿಗಳ ಸಂಗತಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ದಂಡಿನ ಪ್ರದೇಶದಲ್ಲಿ ಆಂಗ್ಲ ಸಂಪ್ರದಾಯದ ಪೂಜೆ ನಡೆಸುತ್ತಿದ್ದ ಸರ್ಕಾರೀ ಪಾದ್ರಿಗಳಿಗೆ ಇಂಗ್ಲೆಂಡಿನಲ್ಲಿದ್ದಂತೆ ಗ್ಲೀಬಾಗಲಿ ದಶಾಂಶವಾಗಲಿ ಇರಲಿಲ್ಲ; ಖಜಾನೆಯ ಸಂಬಳವಿತ್ತು. ತಾಯ್ನಾಡಿನಲ್ಲಿ ಭೂಮಿಯನ್ನು ನಂಬಿದ್ದ ಸಂಸ್ಥೆಯು ಇಲ್ಲಿ ಸಿಪಾಯಿಯಂತೆ ತಿಂಗಳ ತಲಬನ್ನು ನಂಬಿತು. 1927ರ ಕಾನೂನಿನ ಮೇರೆಗೆ ಭಾರತದ ಆಂಗ್ಲಿಕನ್ ಸಭೆಯು 1930ರಲ್ಲಿ ಇಂಗ್ಲೆಂಡಿನ ಸಭೆಯಿಂದ ಬೇರೆಯಾಯಿತು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆಯು ಹುಟ್ಟಿತು.

ಭೂಮಿಯ ಕಥೆಗೆ ಕೊನೆ ಬಂದದ್ದು ಸ್ವಾತಂತ್ರ್ಯಾನಂತರ. 1954ರಲ್ಲಿ ವ್ಯಕ್ತಿಗಳ ಇನಾಮುಗಳನ್ನೂ, 1955ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳನ್ನೂ ರದ್ದುಪಡಿಸುವ ಕಾನೂನುಗಳು ಮೈಸೂರಿನಲ್ಲಿ ಆದವು. ಇನಾಮು ಸರ್ಕಾರದಲ್ಲಿ ಲೀನವಾಯಿತು. ಉಳುತ್ತಿದ್ದ ಒಕ್ಕಲಿನ ಹೆಸರಿಗೆ ಭೂಮಿಯು ದಾಖಲಾಗಲು ದಾರಿಯಾಯಿತು. ದೇವಾಲಯಕ್ಕೆ ನಗದಿನ ವರ್ಷಾಶನವು, ಅಂದರೆ ತಸ್ತೀಕು, ಗೊತ್ತಾಯಿತು. 1961ರ ಕಾನೂನು ಊರಿನ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆಯಿತು. 1974ರ ಭೂಸುಧಾರಣೆಯು ಗೇಣಿ ಪದ್ಧತಿಯ ಬೇರನ್ನೇ ಕಿತ್ತಿತು. ಇದೇ ಕಾಲದಲ್ಲಿ ಪಶ್ಚಿಮದಲ್ಲಿಯೂ ಇಂಥದೇ ಬದಲಾವಣೆಯಾದದ್ದು ಆಶ್ಚರ್ಯ. 1965ರಲ್ಲಿ ರೋಮಿನ ಎರಡನೆಯ ವ್ಯಾಟಿಕನ್ ಮಹಾಸಭೆಯು, ಬೆನಿಫಿಸಿನ ಪದ್ಧತಿಯನ್ನು ಕೈಬಿಡಬೇಕು, ಇಲ್ಲವೇ ಆದಾಯಕ್ಕಿಂತ ಕರ್ತವ್ಯವೇ ಮುಖ್ಯವಾಗುವಂತೆ ತಿದ್ದಬೇಕು ಎಂದು ಹೇಳಿತು. ಇಂಗ್ಲೆಂಡಿನ ಸಭೆಯು 1976ರ ನಿಬಂಧನೆಯಿಂದ ಗ್ಲೀಬ್ ಭೂಮಿಯನ್ನು ಒಬ್ಬೊಬ್ಬ ಪಾದ್ರಿಯ ಕೈಯಿಂದ ತೆಗೆದು ಪ್ರಾಂತದ ಮಂಡಲಿಗಳಿಗೆ ಒಪ್ಪಿಸಿತು. ಅಲ್ಲಿ ಬೆನಿಫಿಸಿನ ಹೆಸರು ಉಳಿದಿದೆ, ಹೊಲ ಉಳಿದಿಲ್ಲ.

ಇದರಿಂದ ಲಾಭವೋ ನಷ್ಟವೋ? ನಾನು ಎರಡೂ ಎನ್ನುತ್ತೇನೆ. ತಲೆಮಾರುಗಳಿಂದ ಉತ್ತವನಿಗೆ ಭೂಮಿ ಸಂದದ್ದು ನ್ಯಾಯ. ಧಾರೆಯ ನೀರಿನೊಡನೆ ಅವನ ಬೆವರೂ ಆ ಗದ್ದೆಗೆ ಬಿದ್ದಿತ್ತು. ಶಾಸನದಲ್ಲಿ ಮಾತ್ರ ಅವನ ಹೆಸರಿರಲಿಲ್ಲ. ಆದರೆ ಗದ್ದೆಗೆ ಬದಲಾಗಿ ಬಂದ ನಗದಿಗೊಂದು ಸ್ವಭಾವವಿದೆ. ಗದ್ದೆಯು ಅಂದು ಕೊಡುತ್ತಿದ್ದಷ್ಟು ಭತ್ತವನ್ನು ಇಂದೂ ಕೊಡುತ್ತದೆ. ನಗದು ಅಂದು ಕೊಡುತ್ತಿದ್ದಷ್ಟು ಎಣ್ಣೆಯನ್ನು ಇಂದು ಕೊಡಲಾರದು. ಕಾಲಕಾಲಕ್ಕೆ ಅದನ್ನು ಹೆಚ್ಚಿಸಬೇಕಾದವರು ಬೇರೆಯವರು. ಸಣ್ಣ ಗುಡಿಯ ಅರ್ಚಕನು ಬೆಳಗ್ಗೆ ಪೂಜೆ ಮುಗಿಸಿ ಹೊಟ್ಟೆಪಾಡಿಗೆ ಮತ್ತೊಂದು ಕೆಲಸಕ್ಕೆ ಓಡುವುದನ್ನು ನಾವು ಕಾಣುತ್ತಿದ್ದೇವೆ. ಹಿಂದೆ ಕರ್ತವ್ಯವಿಲ್ಲದ ಆದಾಯವಿತ್ತು. ಈಗ ಆದಾಯವಿಲ್ಲದ ಕರ್ತವ್ಯವಿದೆ. ಸೂತ್ರವು ಎರಡು ಕಡೆಯಿಂದಲೂ ಮುರಿಯಬಲ್ಲದು. ಕರ್ತವ್ಯವನ್ನು ಕೇಳುವವರು ಆದಾಯವನ್ನೂ ಯೋಚಿಸಬೇಕು. ಆದಾಯವನ್ನು ಉಣ್ಣುವವರು ಕರ್ತವ್ಯವನ್ನು ಮಾಡಬೇಕು. ಇದು ಗುಡಿಗೂ ಇಗರ್ಜಿಗೂ ಮಾತ್ರ ಸಲ್ಲುವ ಮಾತೇನಲ್ಲ. ಕಾಲೇಜಿನ ಉಪಾಧ್ಯಾಯನಾದ ನನಗೂ ಸಲ್ಲುತ್ತದೆ.

ಕಳೆದ ವರ್ಷ ತಾತನವರ ಆ ಹಳ್ಳಿಗೆ ಹೋಗಿದ್ದೆನು. ಹೊತ್ತು ಮುಳುಗಿತ್ತು. ಗುಡಿಯಲ್ಲಿ ದೀಪ ಉರಿಯುತ್ತಿತ್ತು. ಎಣ್ಣೆ ಯಾರದೆಂದು ಕೇಳಿದೆನು. ಗದ್ದೆಯನ್ನು ಉಳುತ್ತಿದ್ದ ರೈತನ ಮೊಮ್ಮಗನು ತಿಂಗಳಿಗೊಂದು ಡಬ್ಬಿಯನ್ನು ತಂದಿಡುತ್ತಾನೆಂದು ಹೇಳಿದರು. ಅವನನ್ನು ಕಂಡು, “ಕಾನೂನಿನಂತೆ ನಿನಗೇನೂ ಹೊಣೆಯಿಲ್ಲವಲ್ಲ?” ಎಂದೆನು. “ಹೊಣೆ ಇಲ್ಲ ಸ್ವಾಮಿ. ಆದರೆ ಗದ್ದೆಗೆ ದೀಪದ ಗದ್ದೆ ಅಂತಲೇ ಹೆಸರು. ನಾವೇನು ಹೆಸರು ಬದಲಾಯಿಸಿಲ್ಲ” ಎಂದನು. ನಾನು ಊರಿಗೆ ಹಿಂತಿರುಗುವ ಮುನ್ನ ಮುಂದಿನ ಆರು ತಿಂಗಳ ಎಣ್ಣೆಯ ಹಣವನ್ನು ಕೊಡಹೋದೆನು. ಅವನು ಮೂರು ತಿಂಗಳದನ್ನು ಮಾತ್ರ ತೆಗೆದುಕೊಂಡು, ಉಳಿದ ಮೂರು ತಿಂಗಳು ತನ್ನದೆಂದು ಹೇಳಿ ಮಿಕ್ಕದ್ದನ್ನು ಹಿಂದಕ್ಕೆ ಕೊಟ್ಟನು.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ನನ್ನ ಉತ್ತರವು ಇಷ್ಟು. ಬದುಕನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬಹುದು. ಹಾಗೆ ಕೊಟ್ಟವರು ನಮ್ಮಲ್ಲಿಯೂ ಇದ್ದರು, ಅವರಲ್ಲಿಯೂ ಇದ್ದರು. ಅದರ ಬೆಲೆ 3000 ಪೌಂಡಲ್ಲ. ಅದನ್ನು ಯಾವ ಕೆಲಸಕ್ಕೆಂದು ಕೊಟ್ಟರೋ ಆ ಕೆಲಸವೇ.